ಕಾಯ್ದೆ ಎರಡು ಸರ್ಕಾರಗಳದ್ದು, ನ್ಯಾಯಾಲಯ ಮಾತ್ರ ಒಂದೇ ಏಕೆ?

ಪ್ರಶ್ನೆ: ಶಿರಸಿಯ ಅಡಿಕೆ ಬೆಳೆಗಾರ

ಮಾನ್ಯರೇ, ಬೆಟ್ಟ, ಕಾನು, ಅತಿಕ್ರಮಣ ಎಂದು ನ್ಯಾಯಾಲಯಕ್ಕೆ ಅಲೆಯದ ಊರು ನಮ್ಮ ಸೀಮೆಯಲ್ಲಿ ಅಪರೂಪ. ಪರಿಚಿತರೊಬ್ಬರ ಜೊತೆಗೆ ಹೋಗಿದ್ದಾಗ ಮೊದಲು ಕರೆದದ್ದು ಮರ ಕಡಿದ ಪ್ರಕರಣ. ಅದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ, ಎಂದರೆ ರಾಜ್ಯದ ಕಾನೂನಿನಡಿ ದಾಖಲಾದದ್ದು. ಅದರ ಬೆನ್ನಿಗೇ ಜಿಂಕೆ ಬೇಟೆಯ ಪ್ರಕರಣ ಬಂತು; ಅದಕ್ಕೆ ಆಧಾರ ಸಂಸತ್ತು ಮಾಡಿದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಎರಡನ್ನೂ ಕೇಳಿದವರು ಒಬ್ಬರೇ ಮ್ಯಾಜಿಸ್ಟ್ರೇಟರು. ಅಮೆರಿಕದಲ್ಲಿ ಒಕ್ಕೂಟಕ್ಕೊಂದು, ರಾಜ್ಯಗಳಿಗೊಂದು ಎಂದು ನ್ಯಾಯಾಲಯಗಳೇ ಬೇರೆ ಬೇರೆ ಎಂದು ಕಾನೂನು ಓದುತ್ತಿರುವ ಮಗಳು ಹೇಳುತ್ತಾಳೆ. ಹಾಗಾದರೆ ಶಿರಸಿಯ ನ್ಯಾಯಾಲಯ ರಾಜ್ಯದ್ದೋ, ಕೇಂದ್ರದ್ದೋ?

ಉತ್ತರ 1: ಕಾರವಾರದ ವಕೀಲ

ತಮ್ಮ ಮಗಳು ಹೇಳಿದ್ದು ಸರಿ. ಅಮೆರಿಕದಲ್ಲಿ ಒಕ್ಕೂಟದ 94 ಜಿಲ್ಲಾ ನ್ಯಾಯಾಲಯಗಳು, 13 ಮೇಲ್ಮನವಿ ನ್ಯಾಯಾಲಯಗಳು, ಅವುಗಳ ಮೇಲೆ ಒಂಬತ್ತು ನ್ಯಾಯಮೂರ್ತಿಗಳ ಸುಪ್ರೀಂ ಕೋರ್ಟ್ ಇವೆ. ಪ್ರತಿ ರಾಜ್ಯಕ್ಕೂ ತನ್ನದೇ ಆದ ಪ್ರತ್ಯೇಕ ಸಾಲಿದೆ. ರಾಜ್ಯದ ಕಾನೂನಿಗೆ ಅರ್ಥ ಹೇಳುವುದರಲ್ಲಿ ಆ ರಾಜ್ಯದ ಅತ್ಯುಚ್ಚ ನ್ಯಾಯಾಲಯದ ಮಾತೇ ಕೊನೆಯದು. ಸಂವಿಧಾನದ ಅಥವಾ ಒಕ್ಕೂಟದ ಕಾನೂನಿನ ಪ್ರಶ್ನೆ ಎದ್ದರೆ ಮಾತ್ರ ವಾಷಿಂಗ್ಟನ್ನಿನ ನ್ಯಾಯಾಲಯ ಕೈಹಾಕಬಹುದು.

ನಮ್ಮ ಸಂವಿಧಾನ ಏಳನೆಯ ಅನುಸೂಚಿಯಲ್ಲಿ ಹಂಚಿದ್ದು ಕಾನೂನು ಮಾಡುವ ಅಧಿಕಾರವನ್ನು. ತೀರ್ಪು ಕೊಡುವ ಅಧಿಕಾರವನ್ನು ಅದು ಹಾಗೆ ಸೀಳಲಿಲ್ಲ. ಶಿರಸಿಯ ಮ್ಯಾಜಿಸ್ಟ್ರೇಟರ ತೀರ್ಪಿನ ಮೇಲೆ ಸೆಷನ್ಸ್ ನ್ಯಾಯಾಲಯ, ಅಲ್ಲಿಂದ ಧಾರವಾಡದ ಉಚ್ಚ ನ್ಯಾಯಾಲಯ ಪೀಠ, ಕೊನೆಗೆ ದೆಹಲಿ. ಕಾಯ್ದೆ ಯಾರದ್ದಾದರೂ ಹತ್ತಬೇಕಾದ ಮೆಟ್ಟಿಲು ಇವೇ. ಸರ್ವೋಚ್ಚ ನ್ಯಾಯಾಲಯ ಸಾರಿದ ಕಾನೂನು 141ನೆಯ ವಿಧಿಯಂತೆ ಎಲ್ಲ ನ್ಯಾಯಾಲಯಗಳನ್ನೂ ಕಟ್ಟಿಹಾಕುತ್ತದೆ. ನಮ್ಮೂರಿನ ನೌಕಾನೆಲೆಯನ್ನೇ ನೋಡಿ: ಯೋಜನೆ ಕೇಂದ್ರದ್ದು, 1894ರ ಭೂಸ್ವಾಧೀನ ಕಾಯ್ದೆಯೂ ಕೇಂದ್ರದ್ದು, ಆದರೆ ಪರಿಹಾರ ಸಾಲದೆಂದವರ ಅರ್ಜಿಗಳು ವಿಚಾರಣೆಗೆ ಬಂದದ್ದು ಇಲ್ಲಿನ ಸಿವಿಲ್ ನ್ಯಾಯಾಲಯಕ್ಕೆ.

ಇನ್ನು ‘ಯಾರದು’ ಎಂಬ ಪ್ರಶ್ನೆ. ಕಟ್ಟಡ, ಸಂಬಳ ರಾಜ್ಯ ಸರ್ಕಾರದ ಬೊಕ್ಕಸದಿಂದ ಬರುತ್ತವೆ. ಜಿಲ್ಲಾ ನ್ಯಾಯಾಧೀಶರನ್ನು ನೇಮಿಸುವವರು ಉಚ್ಚ ನ್ಯಾಯಾಲಯದೊಡನೆ ಸಮಾಲೋಚಿಸಿದ ರಾಜ್ಯಪಾಲರು. ಆದರೆ ಅಧೀನ ನ್ಯಾಯಾಲಯಗಳ ಮೇಲಿನ ಹಿಡಿತವನ್ನು 235ನೆಯ ವಿಧಿ ಉಚ್ಚ ನ್ಯಾಯಾಲಯಕ್ಕೆ ಕೊಟ್ಟಿದೆ, ಮತ್ತು ಆ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳನ್ನು ನೇಮಿಸುವವರು ರಾಷ್ಟ್ರಪತಿಗಳು. ಹೀಗಾಗಿ ಅನ್ನ ಹಾಕುವವರು ಒಬ್ಬರು, ಅಂಕೆಯಲ್ಲಿಡುವವರು ಇನ್ನೊಬ್ಬರು. ಮಂತ್ರಿಗಳ ಕೈ ನ್ಯಾಯಾಧೀಶರ ವರ್ಗಾವಣೆಯವರೆಗೆ ಚಾಚದಿರುವುದು ಇದರಿಂದಲೇ ಎಂದು ನನ್ನ ಅಭಿಪ್ರಾಯ.

ಉತ್ತರ 2: ಕುಮಟೆಯ ನಿವೃತ್ತ ಉಪನ್ಯಾಸಕ

ವಕೀಲರು ಉಚ್ಚ ನ್ಯಾಯಾಲಯದ ಬಲವನ್ನು ಸ್ವಲ್ಪ ಕಡಿಮೆ ಹೇಳಿದರು. 32ನೆಯ ವಿಧಿಯಡಿ ದೆಹಲಿಗೆ ಹೋಗಲು ಮೂಲಭೂತ ಹಕ್ಕಿಗೆ ಧಕ್ಕೆಯಾಗಿರಬೇಕು. 226ನೆಯ ವಿಧಿಯಡಿ ಧಾರವಾಡಕ್ಕೆ ಬೇರೆ ಕಾನೂನುಬದ್ಧ ಹಕ್ಕುಗಳಿಗಾಗಿಯೂ ರಿಟ್ ಅರ್ಜಿ ಹಾಕಬಹುದು. ತುರ್ತು ಪರಿಸ್ಥಿತಿಯಲ್ಲಿ, 1976ರ 42ನೆಯ ತಿದ್ದುಪಡಿಯು ಕೇಂದ್ರದ ಕಾಯ್ದೆಗಳ ಸಿಂಧುತ್ವವನ್ನು ಉಚ್ಚ ನ್ಯಾಯಾಲಯಗಳು ಪರಿಶೀಲಿಸದಂತೆ ತಡೆದಿತ್ತು. 43ನೆಯ ತಿದ್ದುಪಡಿ ಆ ಅಧಿಕಾರವನ್ನು ಮರಳಿಸಿತು. ಅರಣ್ಯ ವಿಷಯ ರಾಜ್ಯಪಟ್ಟಿಯಿಂದ ಸಮವರ್ತಿ ಪಟ್ಟಿಗೆ, ಎಂದರೆ ಕೇಂದ್ರ, ರಾಜ್ಯಗಳೆರಡೂ ಕಾನೂನು ಮಾಡಬಹುದಾದ ವಿಷಯಗಳ ಪಟ್ಟಿಗೆ, ಸರಿದದ್ದೂ ಅದೇ 42ರಿಂದ. ತಾವು ನೋಡಿದ ಆ ಎರಡು ಪ್ರಕರಣಗಳ ಹಿನ್ನೆಲೆಯಲ್ಲಿ ಇದನ್ನೂ ನೆನೆಯಬೇಕು.

ನಮ್ಮ ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿಗೆ ಸೇರಿತ್ತು, ಮೇಲ್ಮನವಿಯೂ ಅಲ್ಲಿಗೇ. ಅನಂತರ ಬೆಂಗಳೂರು. 2008ರಲ್ಲಿ ಧಾರವಾಡದ ಸಂಚಾರಿ ಪೀಠ ಆರಂಭವಾಗಿ 2013ರಲ್ಲಿ ಕಾಯಂ ಆದ ಮೇಲೆ, ರಾತ್ರಿ ಬಸ್ಸು ಹಿಡಿದು ಬೆಂಗಳೂರಿಗೆ ಹೋಗಿ ಮುಂದಿನ ತಾರೀಕು ಪಡೆದು ಮರಳುವ ಕಷ್ಟ ತಪ್ಪಿತು.

ಉತ್ತರ 3: ಅಂಕೋಲೆಯ ಓದುಗ

ಎಲ್ಲವೂ ಕೆಳಗಿನ ಮೆಟ್ಟಿಲಿನಿಂದಲೇ ಶುರುವಾಗುವುದಿಲ್ಲ. ಸರ್ಕಾರ-ಸರ್ಕಾರಗಳ ಜಗಳ 131ನೆಯ ವಿಧಿಯಡಿ ನೇರವಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗುತ್ತದೆ. ಬೆಳಗಾವಿಯೊಂದಿಗೆ ಕಾರವಾರವನ್ನೂ ಕೇಳಿ ಮಹಾರಾಷ್ಟ್ರ 2004ರಲ್ಲಿ ಹೂಡಿದ ದಾವೆ ಅಂಥದ್ದು. ನದಿ ನೀರಿಗೆ ಮಾತ್ರ ಈ ದಾರಿಯಿಲ್ಲ: 262ನೆಯ ವಿಧಿ ಮತ್ತು 1956ರ ಅಂತರರಾಜ್ಯ ಜಲವಿವಾದ ಕಾಯ್ದೆ ಅದನ್ನು ನ್ಯಾಯಮಂಡಳಿಗೆ ಬಿಟ್ಟಿವೆ. ಮಹದಾಯಿಗೆ 2010ರಲ್ಲಿ ನ್ಯಾಯಮಂಡಳಿ ರಚನೆಯಾಗಿ, 2018ರಲ್ಲಿ ತೀರ್ಪು ಬಂತು.

ಮತ್ತೆ ಪ್ರಶ್ನಿಸಿದವರು

ಎಲ್ಲರಿಗೂ ಕೃತಜ್ಞತೆಗಳು. ಒಂದೇ ಕೇಂದ್ರ ಕಾಯ್ದೆಗೆ ಧಾರವಾಡ ಒಂದು ಅರ್ಥ, ಗೋವೆಯಲ್ಲಿರುವ ಮುಂಬಯಿ ಉಚ್ಚ ನ್ಯಾಯಾಲಯದ ಪೀಠ ಇನ್ನೊಂದು ಅರ್ಥ ಹೇಳಿದರೆ?

ಉತ್ತರ 1ರ ವಕೀಲ

ಅದು ಸಾಧ್ಯ, ಆಗುವುದೂ ಉಂಟು. ಗೋವೆಯ ತೀರ್ಪನ್ನು ನಾವು ಇಲ್ಲಿ ಓದಿ ತೋರಿಸಬಹುದು, ನ್ಯಾಯಾಧೀಶರು ಗೌರವದಿಂದ ಕೇಳುತ್ತಾರೆ. ಆದರೆ ಅವರನ್ನು ಅದು ಕಟ್ಟಿಹಾಕದು. ದೆಹಲಿ ಒಂದು ಮಾತು ಹೇಳುವವರೆಗೆ ಮಾಜಾಳಿಯ ತಪಾಸಣಾ ನಾಕೆಯ ಈಚೆಗೊಂದು ಅರ್ಥ, ಆಚೆಗೊಂದು ಅರ್ಥ.