ಕೂಲಿಗೆ ಹೋದ ನೆಂಟರು

"ರೆಸ್ಟ್ ಬೇಕು ಅಂತ ಹೋದವನು ಬೆನ್ನಿಗೆ ನೋವಿನ ಪಟ್ಟಿ ಅಂಟಿಸಿಕೊಂಡು ಬಂದಿದ್ದೀಯಲ್ಲೋ?" ಗಿರೀಶ ಶುರು ಮಾಡಿದ.

ದಕ್ಷಿಣ ಕೊರಿಯಾದ ಸುವಾನ್‌ನಲ್ಲಿ ಸುಮಾಳ ಮನೆ. ನಾನು, ಮಂಜ ಆಗಷ್ಟೇ ಸಾಂಗ್ಜುವಿನಿಂದ ಬಂದಿಳಿದಿದ್ದೆವು. ಆಫೀಸಿನ ಗೆಳೆಯ ಜಿನ್ಹೊ, "ನಮ್ಮಜ್ಜಿ ಊರಿಗೆ ಬನ್ನಿ, ಒಳ್ಳೆ ಗಾಳಿ" ಎಂದು ಕರೆದಿದ್ದ. ಗಾಳಿ ಒಳ್ಳೆಯದೇ ಇತ್ತು, ಸುಳ್ಳಲ್ಲ. ಆದರೆ ಅಕ್ಟೋಬರ್ ಕೊನೆಯಲ್ಲಿ ಆ ಊರಿಗೆ ಯಾರೂ ಗಾಳಿ ಕುಡಿಯಲು ಹೋಗುವುದಿಲ್ಲ. ಅದನ್ನು ಮಾತ್ರ ಅವನು ಹೇಳಿರಲಿಲ್ಲ.

"ಮತ್ತೆ ಯಾಕೆ ಹೋಗ್ತಾರೆ?" ಸುಮಾ ಕೇಳಿದಳು.

"ಪರ್ಸಿಮನ್ ಸುಲಿಯೋದಕ್ಕೆ" ಎಂದ ಮಂಜ, ಸೊಂಟ ಹಿಡಿದುಕೊಂಡೇ. "ಬೆಂಗಳೂರಲ್ಲಿ ಒಂದೊಂದಕ್ಕೂ ಸ್ಟಿಕ್ಕರ್ ಅಂಟಿಸಿ ಮಾರುತ್ತಾರಲ್ಲ, ಆ ಕಿತ್ತಳೆ ಬಣ್ಣದ ಹಣ್ಣು. ಒಣ ಪರ್ಸಿಮನ್‌ಗೆ ಇಡೀ ಕೊರಿಯಾದಲ್ಲಿ ಸಾಂಗ್ಜುವೇ ಮೊದಲು. ಅಕ್ಕಿ, ರೇಷ್ಮೆ, ಒಣ ಪರ್ಸಿಮನ್, ಹೀಗೆ ಮೂರು ಬಿಳಿಗಳ ಊರು ಅಂತ ಅದಕ್ಕೆ ಹೆಸರು."

"ಈಗ ತಾನೇ ಕಿತ್ತಳೆ ಬಣ್ಣ ಅಂದೆ. ಕುಡಿದ ಅಕ್ಕಿ ಹೆಂಡ, ಆ ಮಕ್ಕೊಲ್ಲಿ ಇನ್ನೂ ಇಳಿದಿಲ್ಲ ನಿನಗೆ" ಎಂದ ಗಿರೀಶ.

"ಒಣಗಿದಾಗ ಒಳಗಿನ ಸಕ್ಕರೆ ಹೊರಗೆ ಬಂದು ಬಿಳಿ ಪುಡಿ ಕೂರುತ್ತೆ ಕಣೋ."

ಇಷ್ಟೆಲ್ಲ ಜ್ಞಾನ ಇವನಿಗೆ ಸುಮ್ನೆ ಬರಲಿಲ್ಲ. ಹೋದ ಕೂಡಲೇ ಅಂಗಳದ ಮರದಿಂದ ಒಂದನ್ನು ಕಿತ್ತು ಗಬಕ್ಕನೆ ಕಚ್ಚಿದ. ಒಣಗಿಸುವ ಜಾತಿ ಹಸಿಯಾಗಿದ್ದಾಗ ಬರೀ ಚೊಗರು. ಎಳೇ ಅಡಿಕೆ ಜಗಿದು ಬೆಳೆದ ತೀರ್ಥಹಳ್ಳಿ ಹುಡುಗ, ಹತ್ತು ನಿಮಿಷ ನಾಲಿಗೆ ಹೊರಗೆ ಬಿಟ್ಟುಕೊಂಡು ನಿಂತ. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಬಚಾವಾಗುತ್ತಿದ್ದೆವು. ನಾಲಿಗೆ ಒಳಗೆ ಹೋದದ್ದೇ ತಡ, "ನಮ್ಮನೇಲಿ ರಾತ್ರಿಯಿಡೀ ಅಡಿಕೆ ಸುಲಿಯುತ್ತೀವಿ" ಎಂದು ಜಂಬ ಕೊಚ್ಚಿದ. ಜಿನ್ಹೊ ಅದನ್ನು ಅಜ್ಜಿಗೆ ಅನುವಾದ ಮಾಡಿದ. ಅಜ್ಜಿ ಎದ್ದು ಹೋಗಿ ಎರಡು ಜೊತೆ ಕೈಗವಸು ತಂದರು.

"ನಿನಗೂ?" ಸುಮಾ ನನ್ನತ್ತ ನೋಡಿದಳು.

"ಜೊತೇಲಿ ಹೋದ ತಪ್ಪಿಗೆ."

ಸುಲಿಯುವುದು ಮಿಷನ್ನು. ಹಣ್ಣು ಸಿಕ್ಕಿಸಿದರೆ ಗಿರ್ ಅಂತ ತಿರುಗಿ ಸಿಪ್ಪೆ ಉದ್ದಕ್ಕೆ ಬಿಚ್ಚಿಕೊಳ್ಳುತ್ತದೆ. ನಮ್ಮ ಪಾಲಿಗೆ ಬಂದದ್ದು ಕಟ್ಟುವ ಕೆಲಸ. ತೊಟ್ಟಿನ ಜೊತೆ ಚೂರು ಕಡ್ಡಿ ಬಿಟ್ಟು ಕಿತ್ತಿರುತ್ತಾರೆ. ಆ ಕಡ್ಡಿಗೆ ದಾರ ಸುತ್ತಿ, ಒಂದರ ಕೆಳಗೊಂದು ತೂಗುಬಿಡಬೇಕು. ಒಂದಕ್ಕೊಂದು ತಾಗಿದರೆ ಬೂಸ್ಟು ಹಿಡಿಯುತ್ತದೆ. ಮಂಜ ಕಟ್ಟಿದ ಸಾಲಿನಲ್ಲಿ ಹಣ್ಣುಗಳೆಲ್ಲ ಮೈಮೇಲೆ ಬಿದ್ದುಕೊಂಡಿದ್ದವು. ಅಜ್ಜಿ ಒಂದು ಮಾತೂ ಆಡದೆ ಪೂರ್ತಿ ಬಿಚ್ಚಿ, ಮತ್ತೆ ಅವನ ಕೈಗೇ ಕೊಟ್ಟರು.

"ಅಜ್ಜಿ ಕೂತಿದ್ದು ಹೇಳು" ಎಂದ ಮಂಜ.

ಅದನ್ನು ನೋಡಿಯೇ ನಂಬಬೇಕು. ದಪ್ಪ ಸ್ಪಂಜಿನ ದುಂಡು ಆಸನ. ಅದರ ಪಟ್ಟಿಗೆ ಕಾಲು ತೂರಿಸಿ ಹಿಂದಕ್ಕೆ ಸಿಕ್ಕಿಸಿಕೊಂಡಿದ್ದರು. ಅಜ್ಜಿ ಎದ್ದರೆ ಅದೂ ಏಳುತ್ತದೆ, ಅಜ್ಜಿ ಕೂತಲ್ಲಿ ಅದು ಮೊದಲೇ ಹಾಜರು. ಹೂವಿನ ಪೈಜಾಮ ಹಾಕಿದ ಆರೇಳು ಅಜ್ಜಿಯರು ಹಾಗೇ ಓಡಾಡುತ್ತಿದ್ದರು. ನಮ್ಮ ಆಫೀಸಿನಲ್ಲಿ ಲಕ್ಷಾಂತರ ವೊನ್‌ಗಳ ಕುರ್ಚಿ ಕೊಟ್ಟರೂ ಬೆನ್ನು ನೋವು ಅಂತೀವಿ.

"ಹುಡುಗರು ಯಾರೂ ಇರಲಿಲ್ವಾ?"

"ಇದ್ದರಲ್ಲ, ಊರಿನ ಯುವಕ ಸಂಘದವರು. ಕಾರ್ಯದರ್ಶಿಗೆ 62."

ಗಿರೀಶನಿಗೆ ಚಹಾ ನೆತ್ತಿಗೇರಿತು. ತಮಾಷೆಯಲ್ಲ, ಮಕ್ಕಳೆಲ್ಲ ಸಿಯೋಲ್ ಸೇರಿದ ಮೇಲೆ ಅಲ್ಲಿನ ಹಳ್ಳಿಗಳಲ್ಲಿ ಆ ವಯಸ್ಸಿನವರೇ ಯುವಕರು. ಆ ಲೆಕ್ಕದಲ್ಲಿ 34ರ ಮಂಜ ತೊಟ್ಟಿಲ ಕೂಸು. ಬೆಳಗ್ಗೆ ಊರ ಮುಖಂಡರು ಮೈಕಿನಲ್ಲಿ, "ಭಾರತದಿಂದ ಹುಡುಗರು ಬಂದಿದ್ದಾರೆ" ಎಂದು ಊರಿಗೆಲ್ಲ ಸಾರಿಬಿಟ್ಟರು. ಅಜ್ಜಿಯರು ಒಬ್ಬೊಬ್ಬರಾಗಿ ಬಂದು ನೋಡಿದರು. ಊಟ ಆಯ್ತಾ, ಮದುವೆ ಆಯ್ತಾ, ಯಾಕಾಗಿಲ್ಲ.

ಊಟದ ಕಥೆ ಬೇರೆ. ಮಾಂಸ ತಿನ್ನಲ್ಲ ಎಂದದ್ದಕ್ಕೆ ಅಜ್ಜಿ ಪಾಪ, ಹಂದಿಮಾಂಸದ ತಟ್ಟೆ ಎತ್ತಿಟ್ಟು ಬರೀ ಸೊಪ್ಪಿನ ಸಾರು ಬಡಿಸಿದರು. ಅದರಲ್ಲಿ ಸಣ್ಣ ಒಣಮೀನೊಂದು ಮಂಜನನ್ನೇ ನೋಡುತ್ತಿತ್ತು. "ಅದು ರುಚಿಗೆ" ಎಂದ ಜಿನ್ಹೊ.

ಕೊನೆಗೆ ಮರದ ತುದಿಯಲ್ಲಿ ನಾಲ್ಕೈದು ಹಣ್ಣು ಉಳಿದಿದ್ದವು. ಮಂಜ ಕಟ್ಟಿದ್ದಕ್ಕೆ ಪ್ರಾಯಶ್ಚಿತ್ತ ಅಂತ ಏಣಿ ಹುಡುಕಿದ. ಅಜ್ಜಿ ಗದರಿದರು. ಅವು ಮ್ಯಾಗ್‌ಪೈ ಹಕ್ಕಿಗಳ ಪಾಲು, ಚಳಿಗಾಲಕ್ಕೆ ಅಂತ ಬಿಡುವುದಂತೆ.

"ಹಕ್ಕಿಗೆ ಪಾಲು ಸಿಕ್ಕಿತು. ನಿಮಗೆ?" ಸುಮಾ ಕೈ ಚಾಚಿದಳು. "ತಂದಿದ್ದು ತೆಗೀರಿ."

"ಒಣಗೋದಕ್ಕೆ ಎರಡು ತಿಂಗಳು ಬೇಕು ಕಣೇ. ಹೊಸ ವರ್ಷಕ್ಕೆ ಬಂದು ತಗೊಂಡು ಹೋಗಿ ಅಂದಿದ್ದಾರೆ."

"ಅಂದ್ರೆ ಕೂಲೀನೂ ಬಾಕಿ!" ಗಿರೀಶ ತೊಡೆ ತಟ್ಟಿ ನಕ್ಕ.

"ನಗು, ನಗು" ಎಂದ ಮಂಜ. "ನವೆಂಬರ್‌ನಲ್ಲಿ ಚಳಿಗಾಲದ ಕಿಮ್ಚಿ, ಅಂದ್ರೆ ಎಲೆಕೋಸಿನ ಉಪ್ಪಿನಕಾಯಿ ಹಾಕುತ್ತಾರೆ. ಇನ್ನೂರು ಎಲೆಕೋಸಿಗೆ ಉಪ್ಪು ಹಚ್ಚಬೇಕಂತೆ. ಅಜ್ಜಿ ಜನ ಸಾಲದು ಅಂದರು. ನಿಮ್ಮಿಬ್ಬರ ಹೆಸರು ಕೊಟ್ಟು ಬಂದಿದ್ದೀನಿ."