ಹೆದೆ ಏರಿಸುವುದು, ಕಟ್ಟುವುದು, ಎಳೆಯುವುದು: ಮೂರೂ ಒಂದೇನಾ?

ಎಲ್ಲರಿಗೂ ನಮಸ್ಕಾರ. ಹೆದೆ, ಅಂದರೆ ಬಿಲ್ಲಿನ ಹಗ್ಗ, ಅದರ ಸುತ್ತಲಿನ ಮಾತುಗಳ ಬಗ್ಗೆ ಕೇಳಬೇಕಿತ್ತು.

ನಾನು ದಾವಣಗೆರೆಯವನು. ಇಲ್ಲಿ ಮಕ್ಕಳ ನಾಟಕವೊಂದಕ್ಕೆ ಮಾತು ಬರೆದುಕೊಡಲು ಒಪ್ಪಿಕೊಂಡಿದ್ದೆ. ಕತೆ ಏಕಲವ್ಯನದು. ಅದರಲ್ಲಿ ಹೀಗೊಂದು ಸಾಲು ಬರೆದೆ: ‘ಏಕಲವ್ಯ ಹೆದೆಯೇರಿಸಿ, ಉಸಿರು ಬಿಗಿಹಿಡಿದು, ಗುರಿ ನೋಡಿ ಬಾಣ ಬಿಟ್ಟ.’ ರಟ್ಟಿನ ಬಿಲ್ಲು ಬೇಡ, ಮರದ್ದೇ ಇರಲಿ ಎಂದು ಮಕ್ಕಳು ಹಠ ಹಿಡಿದರು. ಚಳ್ಳಕೆರೆ ಕಡೆಯ ಒಂದು ಹಟ್ಟಿಯಲ್ಲಿ ಬಿಲ್ಲು ಮಾಡಬಲ್ಲ ಹಿರಿಯರೊಬ್ಬರಿದ್ದಾರೆ ಎಂದು ಗೊತ್ತಾಯಿತು. ಹೋದೆ. ನಮ್ಮಲ್ಲಿ ಅಜ್ಜ ಅನ್ನುತ್ತೇವೆ, ಆ ಕಡೆ ತಾತ. ನಾನೂ ತಾತ ಅಂತಲೇ ಕರೆದೆ. ಎರಡು ದಿನ ಅವರ ಅಂಗಳದಲ್ಲಿ ಕೂತಿದ್ದೆ. ನಡುವೆ ಒಮ್ಮೆ ಈ ಸಾಲನ್ನು ಓದಿ ಹೇಳಿದೆ. ಅವರು ಕೈಯಲ್ಲಿದ್ದ ಕತ್ತಿ ಕೆಳಗಿಟ್ಟು ಕೇಳಿದರು: ‘ಹೆದೆ ಏರ್ಸುವಾಗ ಗುರಿ ಯಾಕ್ ನೋಡ್ತಾನಪ್ಪ? ಬಿಲ್ಲಿನ ತುದಿ ನೋಡ್ಬೇಕಲ್ವಾ?’

ನನಗೆ ತಕ್ಷಣ ಅರ್ಥವಾಗಲಿಲ್ಲ. ಮನೆಯೊಳಗಿಂದ ಒಂದು ಹಳೆಯ ಬಿಲ್ಲು ತಂದು ತೋರಿಸಿದರು. ಹುರಿಯ ಒಂದು ಕೊನೆಯನ್ನು ಬಿಲ್ಲಿನ ಕೆಳತುದಿಗೆ ಗಂಟು ಹಾಕಿತ್ತು. ಇನ್ನೊಂದು ಕೊನೆಯಲ್ಲಿ ಕುಣಿಕೆ. ಆ ಕುಣಿಕೆ ಮೇಲ್ತುದಿಗಿಂತ ಒಂದು ಗೇಣು ಕೆಳಗೆ, ಮರದ ಸುತ್ತ ಸಡಿಲವಾಗಿ ಇತ್ತು. ಬಿಲ್ಲು ಹೆಚ್ಚುಕಡಿಮೆ ನೆಟ್ಟಗೆ, ಒಂದು ಕೋಲಿನ ಹಾಗೆ ಇತ್ತು. ತಾತ ಕೆಳತುದಿಯನ್ನು ಪಾದದ ಪಕ್ಕಕ್ಕೆ ಒತ್ತಿಟ್ಟರು. ನಡುವನ್ನು ಮೊಣಕಾಲಿಗೆ ಆನಿಸಿದರು. ಒಂದು ಕೈಯಲ್ಲಿ ಮೇಲ್ತುದಿ ಹಿಡಿದು ಬಗ್ಗಿಸುತ್ತಾ ಇನ್ನೊಂದು ಕೈಯಿಂದ ಕುಣಿಕೆಯನ್ನು ಮೇಲಕ್ಕೆ ಜಾರಿಸಿದರು. ಕುಣಿಕೆ ಹತ್ತಿಕೊಂಡು ಹೋಗಿ ತುದಿಯಲ್ಲಿ ಕೊರೆದ ಕಚ್ಚಿನಲ್ಲಿ ಕೂತಿತು. ಕೋಲು ಬಿಲ್ಲಾಯಿತು. ‘ನೋಡು, ಏರ್ತಲ್ಲ’ ಅಂದರು.

ಏರಿಸು ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಅರ್ಥ ಬೇಕಾ? ನಿಜವಾಗಿಯೂ ಏನೋ ಒಂದು ಕೆಳಗಿನಿಂದ ಮೇಲಕ್ಕೆ ಏರುತ್ತದೆ. ನಾನು ಇಷ್ಟು ವರ್ಷ ಹೆದೆಯೇರಿಸು ಅಂದರೆ ಹೆದೆಯನ್ನು ಕಿವಿಯವರೆಗೆ ಎಳೆಯುವುದು ಅಂದುಕೊಂಡಿದ್ದೆ. ಆಮೇಲೆ ಗಮನಿಸುತ್ತಾ ಬಂದೆ. ಭಾಷಣಗಳಲ್ಲಿ, ಲೇಖನಗಳಲ್ಲಿ, ಮಕ್ಕಳ ಚಿತ್ರಪುಸ್ತಕಗಳಲ್ಲಿ ಈ ತಪ್ಪು ಜಾಸ್ತಿ ಕಾಣುತ್ತದೆ. ಬಾಣ ಹೂಡಿ, ಹೆದೆಯೇರಿಸಿ, ಹೊಡೆದ ಅಂತ ಬರೆಯುತ್ತಾರೆ. ಬಾಣ ಹೂಡಿದ ಮೇಲೆ ಹೆದೆ ಏರಿಸಲು ಆಗುವುದೇ ಇಲ್ಲ. ಹೆದೆ ಏರದ ಬಿಲ್ಲಿಗೆ ಬಾಣ ಹೂಡುವುದಾದರೂ ಎಲ್ಲಿ?

ಸೀತಾಸ್ವಯಂವರದ ಪ್ರಸಂಗವನ್ನೇ ನೋಡಿ. ವಾಲ್ಮೀಕಿ ರಾಮಾಯಣದ ಬಾಲಕಾಂಡದಲ್ಲಿ ರಾಮ ಮೊದಲು ಹೆದೆ ಏರಿಸುತ್ತಾನೆ, ಆಮೇಲೆ ಎಳೆಯುತ್ತಾನೆ. ಎಳೆದಾಗ ಬಿಲ್ಲು ನಡುವೆ ಮುರಿಯುತ್ತದೆ. ಒಂದಾದ ಮೇಲೆ ಒಂದು, ಮೂರು ಬೇರೆ ಬೇರೆ ಸಂಗತಿಗಳು. ಸಂಸ್ಕೃತದಲ್ಲೂ ಮೊದಲನೆಯದಕ್ಕೆ ಏರಿಸುವ ಅರ್ಥದ ಕ್ರಿಯಾಪದವೇ ಇದೆ. ನಾವು ಮಾತ್ರ ಹೆದೆಯೇರಿಸಿದಾಗ ಮುರಿಯಿತು ಅಂತ ಎರಡನ್ನೂ ಕೂಡಿಸಿ ಹೇಳಿಬಿಡುತ್ತೇವೆ.

ಹಾಗಾಗಿ ನಾನು ಹೀಗೆ ಬಿಡಿಸಿಕೊಂಡಿದ್ದೇನೆ. ಹೆದೆ ಕಟ್ಟುವುದು ಅಂದರೆ ಹೊಸ ಹುರಿಯನ್ನು ಬಿಲ್ಲಿಗೆ ಜೋಡಿಸುವುದು. ಹುರಿ ಸವೆದಾಗ ಮತ್ತೆ ಕಟ್ಟಬೇಕು, ದಿನವೂ ಅಲ್ಲ. ಹೆದೆ ಏರಿಸುವುದು ಪ್ರತಿ ಸಲ ಬಿಲ್ಲು ಬಳಸುವ ಮೊದಲು. ಕೆಲಸ ಮುಗಿದ ಮೇಲೆ ಇಳಿಸಬೇಕು. ಎಳೆಯುವುದು ಅಥವಾ ಸೆಳೆಯುವುದು ಪ್ರತಿ ಬಾಣಕ್ಕೂ. ಇದರಲ್ಲಿ ಯಾರಿಗಾದರೂ ತಕರಾರು ಇದ್ದರೆ ಹೇಳಿ. ಎಳೆಯುವುದಕ್ಕೂ ಏರಿಸು ಅನ್ನುವ ಬಳಕೆ ಹಳೆಯ ಕಾವ್ಯಗಳಲ್ಲಿ ಎಲ್ಲಾದರೂ ಕಂಡಿದ್ದರೆ ಅದನ್ನೂ ತೋರಿಸಿ.

ಇಳಿಸುವ ಮಾತು ಬಂತಲ್ಲ. ತಾತ ಅದರ ಬಗ್ಗೆ ಬಹಳ ಕಟ್ಟುನಿಟ್ಟು. ಹೆದೆ ಏರಿಸಿದ ಬಿಲ್ಲನ್ನು ರಾತ್ರಿಯಿಡೀ ಗೋಡೆಗೆ ಒರಗಿಸಿ ಬಿಟ್ಟರೆ ಮರ ಆ ಬಾಗನ್ನೇ ಕಲಿತುಬಿಡುತ್ತದೆ. ಮತ್ತೆ ನೆಟ್ಟಗಾಗುವುದಿಲ್ಲ. ಬಾಣಕ್ಕೆ ಬಲ ಬರುವುದಿಲ್ಲ. ಅಂಥ ಬಿಲ್ಲನ್ನು ಅವರು ‘ಸೋತೈತೆ’ ಅಂದರು. ಬಾಗಿ ಹಾಗೇ ಉಳಿದ ಮರಕ್ಕೆ ಸೋಲು ಅನ್ನುವ ಮಾತು ನನಗೆ ತುಂಬಾ ಹಿಡಿಸಿತು. ನಮ್ಮ ಕಡೆ ನಡೆದು ನಡೆದು ಕಾಲು ಸೋತವು ಅನ್ನುತ್ತೇವಲ್ಲ, ಅದೇ ಸೋಲು.

ಇನ್ನು ಹೆದೆ ಅನ್ನುವ ಪದ. ಹೊಸೆಯುವಾಗ ತಾತ ಅದನ್ನು ಹುರಿ ಅಂದರು. ತೊಡೆಯ ಮೇಲೆ ನಾರನ್ನು ಹೊಸೆಯುತ್ತಾ ಎಳೆ ಸೇರಿಸುತ್ತಾ ಹೋದರು. ಬಿಲ್ಲಿನ ಮೇಲೆ ಬಿಗಿಯಾಗಿ ನಿಂತ ಮೇಲೆ ಅದು ಹೆದೆ. ಅದರ ಮಧ್ಯೆ ಒಂದೆರಡು ಸಲ ನಾರಿ ಅಂತಲೂ ಅಂದರು. ನಾರು ಅಂತ ಹೇಳಿದರೇನೋ ಅಂದುಕೊಂಡೆ. ಅಲ್ಲ, ನಾರಿಯೇ. ತೆಲುಗಿನಲ್ಲಿ ಬಿಲ್ಲಿನ ಹಗ್ಗಕ್ಕೆ ನಾರಿ ಎಂಬ ಪದವಿದೆ. ಚಳ್ಳಕೆರೆ, ಮೊಳಕಾಲ್ಮುರು ಕಡೆ ಎರಡೂ ಭಾಷೆ ಬೆರೆತಿವೆ. ಹಾಗಂತ ಇದು ತೆಲುಗಿನಿಂದ ಬಂದದ್ದು ಅಂತ ಹೇಳಿಬಿಡುವುದು ಅವಸರವಾಗುತ್ತದೆ. ಬಿಲ್ಲಿನ ಹಗ್ಗ ಎಂಬ ಅರ್ಥದ ನಾರಿ ಹಳಗನ್ನಡಕ್ಕೂ ಗೊತ್ತಿತ್ತು. ನಾರು ಎಂಬ ಬೇರು ಎರಡು ಭಾಷೆಗೂ ಸೇರಿದ್ದು.

ಇದರ ಜೊತೆಗೆ ಹೆದೆಗೆ ತಿರು ಎಂಬ ಪದವೂ ಇದೆ. ಹಳೆಯ ಕಾವ್ಯ ಓದಿದವರಿಗೆ ಅದರ ಪರಿಚಯವಿರುತ್ತದೆ. ಹೆದೆಗೆ ತಮಿಳಿನಲ್ಲಿ ನಾಣ್, ಮಲಯಾಳದಲ್ಲಿ ಞಾಣ್ ಅನ್ನುತ್ತಾರೆ. ಅದಕ್ಕೂ ನಮ್ಮ ನೇಣಿಗೂ ಒಂದೇ ಬೇರು. ನಮ್ಮಲ್ಲಿ ನೇಣು ಬರೀ ಹಗ್ಗವಾಗಿದ್ದದ್ದು ಈಗ ಕೊರಳಿಗೆ ಬೀಳುವ ಹಗ್ಗ ಮಾತ್ರವಾಗಿ ಉಳಿದಿದೆ. ಸಂಸ್ಕೃತದ ಮೌರ್ವಿ ಎಂಬ ಪದವಂತೂ ಗಿಡದ ಹೆಸರಿನಿಂದಲೇ ಬಂದದ್ದು. ಮೂರ್ವಾ ಎಂಬ ಗಿಡದ ನಾರಿನಿಂದ ಮಾಡಿದ್ದು ಮೌರ್ವಿ. ಈಗ ಕುಂಡಗಳಲ್ಲಿ ಸ್ನೇಕ್ ಪ್ಲಾಂಟ್ ಅಂತ ಬೆಳೆಸುತ್ತಾರಲ್ಲ, ಅದರ ಹತ್ತಿರದ ನಂಟಿನ ಗಿಡ ಅದು. ತಾತ ಬಳಸಿದ್ದು ಕತ್ತಾಳೆ ನಾರು. ಕತ್ತಾಳೆ ಅಮೆರಿಕ ಖಂಡದಿಂದ ಬಂದ ಗಿಡ. ಅಂದರೆ ಅದಕ್ಕೂ ಮೊದಲು ಈ ಕಡೆ ಬಿಲ್ಲು ಹಿಡಿದವರು ಬೇರೆ ನಾರನ್ನೇ ಹೊಸೆದಿರಬೇಕು.

ಈಗ ಬಿಲ್ಲಿನ ಮೈಗೆ ಬರುತ್ತೇನೆ. ನನಗೆ ನಿಜವಾಗಿ ತೊಡಕಾಗಿರುವುದು ಇಲ್ಲಿ.

ತಾತ ಆರಿಸಿದ್ದು ತಡಸಲು ಮರದ ಸೀಳು. ಎಷ್ಟೋ ವರ್ಷ ಅಟ್ಟದ ಮೇಲೆ ಒಣಗಿದ್ದು. ಉದ್ದ ಸುಮಾರು ಮೂರೂವರೆ ಮೊಳ. ತಡಸಲು ಗಟ್ಟಿ, ಆದರೆ ಬಗ್ಗಿದರೆ ಪುಟಿದು ನಿಲ್ಲುವ ಮರ. ಕೊಡಲಿಯ ಕಾವಿಗೆ, ಹೊರೆ ಹೊರುವ ಅಡ್ಡೆಗೆ ಹೆಸರಾದದ್ದು. ಬಿದಿರಿನದೂ ಮಾಡುತ್ತಾರೆ, ಒಳಗೆ ಪೊಳ್ಳಿಲ್ಲದ ಗಂಡುಬಿದಿರು ಸಿಕ್ಕರೆ. ಬಾಚಿಯಿಂದ ಕೆತ್ತುವಾಗ ಅವರು ಒಂದು ಮುಖವನ್ನು ಮುಟ್ಟಲೇ ಇಲ್ಲ. ತೊಗಟೆಯ ಕೆಳಗಿದ್ದ ಮುಖ ಅದು. ತೊಗಟೆ ಬಿಡಿಸಿ ಹಾಗೇ ಬಿಟ್ಟರು. ಕೆತ್ತುವುದೆಲ್ಲ ಇನ್ನೊಂದು ಮುಖದಲ್ಲಿ. ಯಾಕೆ ಅಂದರೆ, ಬಿಲ್ಲನ್ನು ಎಳೆದಾಗ ಹೊರಮುಖ ಹಿಗ್ಗುತ್ತದೆ, ಒಳಮುಖ ಕುಗ್ಗುತ್ತದೆ. ಹಿಗ್ಗುವ ಕಡೆ ಮರದ ಎಳೆ ಕಡಿದುಹೋಗಿದ್ದರೆ ಅಲ್ಲಿಂದ ಸಿಬಿರು ಏಳುತ್ತದೆ. ಆಮೇಲೆ ಮುರಿಯುವುದೇ. ಬಿದಿರಾದರೆ ಸಿಪ್ಪೆಯ ಕಡೆ ಹೊರಗೆ.

ಈ ಹೊರಮುಖಕ್ಕೆ ತಾತ ಬೆನ್ನು ಅಂದರು. ಇದು ನನಗೆ ಸರಿಯಾಗಿಯೇ ಕೇಳಿಸಿತು. ನಾವು ಬಗ್ಗಿದಾಗ ಬೆನ್ನು ಹೊರಗಿರುತ್ತದೆ. ಕುಡುಗೋಲಿಗೂ ಹೊರಬದಿಯೇ ಬೆನ್ನು. ಆದರೆ ಒಳಮುಖಕ್ಕೆ? ತಾತ ‘ಈ ಕಡೆ’ ಅನ್ನುತ್ತಿದ್ದರು, ಬೆರಳಿಂದ ತೋರಿಸುತ್ತಿದ್ದರು. ಇಂಗ್ಲಿಷಿನವರು ಅದಕ್ಕೆ ಹೊಟ್ಟೆ ಅನ್ನುತ್ತಾರೆ. ಅದನ್ನೇ ಕನ್ನಡಕ್ಕೆ ತರುವುದು ನನಗೆ ಒಪ್ಪಿಗೆಯಿಲ್ಲ. ನಮಗೆ ಹೊಟ್ಟೆ ಅಂದರೆ ಉಬ್ಬಿದ್ದು. ಗಡಿಗೆಯ ಹೊಟ್ಟೆ, ಗೋಡೆ ಹೊಟ್ಟೆ ಬಿಟ್ಟಿದೆ, ಹೀಗೆ. ಬಿಲ್ಲಿನ ಒಳಮುಖ ತಗ್ಗಿದ್ದು. ಅಲ್ಲಿ ಹೊಟ್ಟೆ ಅಂದರೆ ಓದುವವರ ಕಣ್ಣಿಗೆ ತಿರುಗುಮುರುಗು ಚಿತ್ರ ಬರುತ್ತದೆ. ಸದ್ಯಕ್ಕೆ ಒಳಮೈ ಅಂತ ಬರೆದುಕೊಂಡಿದ್ದೇನೆ. ಇದಕ್ಕಿಂತ ಒಳ್ಳೆಯ ಪದ ಯಾರ ಬಾಯಲ್ಲಾದರೂ ಇದೆಯಾ?

ನಡುವಿನ ಭಾಗಕ್ಕೆ ಹಿಡಿ, ಇದರಲ್ಲಿ ಗೊಂದಲವಿಲ್ಲ.

ತುದಿಯ ವಿಚಾರ ಮಾತ್ರ ಕುತೂಹಲದ್ದು. ಕುಣಿಕೆ ಕೂರಲು ತುದಿಯಲ್ಲಿ ಎರಡೂ ಬದಿಗೆ ಕೊರೆಯುವುದನ್ನು ತಾತ ‘ಕಚ್ಚು ಹಾಕೋದು’ ಅಂದರು. ಆದರೆ ಆ ಕಚ್ಚಿರುವ ತುದಿಗೇ ಕನ್ನಡದಲ್ಲಿ ಬೇರೆ ಹೆಸರಿತ್ತು: ಕೊಪ್ಪು. ಕಿಟೆಲ್ ಅವರ 1894ರ ನಿಘಂಟು ಈ ಅರ್ಥವನ್ನು ಕೊಡುತ್ತದೆ. ಅಮರಕೋಶ ಸಂಸ್ಕೃತದಲ್ಲಿ ಇದಕ್ಕೆ ಕೋಟಿ, ಅಟನಿ ಎಂಬ ಹೆಸರುಗಳನ್ನೂ, ನಡುವಿನ ಹಿಡಿಗೆ ಲಸ್ತಕ ಎಂಬುದನ್ನೂ ಹೇಳುತ್ತದೆ. ನಮ್ಮ ಕೊಪ್ಪು ಇವುಗಳಿಗೆ ಸರಿಸಾಟಿಯಾದ ಅಚ್ಚಗನ್ನಡ ಪದ. ಈಗ ಕೊಪ್ಪು ಅಂದರೆ ಎಲ್ಲರಿಗೂ ಹೊಳೆಯುವುದು ಹೆಂಗಸರ ಕಿವಿಯ ಒಡವೆ. ಕಿವಿಯ ಮೇಲ್ತುದಿಗೆ ಹಾಕುವ ಕೊಪ್ಪು ಮತ್ತು ಬಿಲ್ಲಿನ ತುದಿಯ ಕೊಪ್ಪು ಒಂದೇ ಪದವೇ? ತುದಿ ಎಂಬ ಅರ್ಥದಿಂದ ಎರಡೂ ಹುಟ್ಟಿರಬಹುದು ಅಂತ ನನ್ನ ಊಹೆ. ತಾತನಿಗೆ ಕೇಳಿದೆ. ‘ಅದು ನಮ್ಮವ್ವ ಹಾಕ್ಕೊಳ್ತಿದ್ಳು’ ಅಂದರು. ಬಿಲ್ಲಿನ ಕೊಪ್ಪು ಅವರು ಕೇಳಿರಲಿಲ್ಲ.

ಕಡೆಯ ಕೆಲಸವೇ ಬಿಲ್ಲಿನ ಜೀವ. ಕೆತ್ತಿದ ಮೇಲೆ ಸಡಿಲವಾಗಿ ಹುರಿ ಹಾಕಿ ಸ್ವಲ್ಪ ಎಳೆದು ನೋಡುತ್ತಾರೆ. ನನ್ನ ಕೈಗೆ ಕೊಟ್ಟು ಎಳೆಸಿ, ತಾವು ಹತ್ತು ಹೆಜ್ಜೆ ದೂರ ನಿಂತು ಕಣ್ಣು ಕಿರಿದು ಮಾಡಿ ನೋಡಿದರು. ಮೇಲಿನ ಅರ್ಧವೂ ಕೆಳಗಿನ ಅರ್ಧವೂ ಒಂದೇ ತರ ಬಾಗಬೇಕು. ಎಲ್ಲಿ ಬಿಗಿಯಾಗಿದೆಯೋ ಅಲ್ಲಿ ಒಳಮೈಯನ್ನು ಗಾಜಿನ ಚೂರಿನಿಂದ ಹೆರೆಯುತ್ತಾರೆ. ಜಾಸ್ತಿ ಬಾಗುವ ಕಡೆ ಮುಟ್ಟುವುದಿಲ್ಲ. ಮತ್ತೆ ಎಳೆ, ಮತ್ತೆ ನೋಡು, ಮತ್ತೆ ಹೆರೆ. ಪ್ರತಿ ಸಲ ಮೊದಲಿಗಿಂತ ಒಂದು ಬೆರಳು ಜಾಸ್ತಿ ಎಳೆಯಬೇಕು, ಒಮ್ಮೆಲೇ ಎಳೆದರೆ ಮುರಿಯುತ್ತದೆ. ಕೆತ್ತುವುದಕ್ಕಿಂತ ಇದಕ್ಕೇ ಹೊತ್ತು ಹಿಡಿಯಿತು. ಎರಡನೇ ದಿನ ಇಡೀ ಇದೇ.

ಇಂಗ್ಲಿಷಿನಲ್ಲಿ ಈ ಕೆಲಸಕ್ಕೆ ಟಿಲ್ಲರಿಂಗ್ ಎಂಬ ಹೆಸರಿದೆ. ತಾತ ಬಳಸಿದ್ದು ಎರಡಕ್ಷರದ ಪದ. ‘ಇನ್ನೂ ಹದ ಬಂದಿಲ್ಲ’ ಅಂದರು. ‘ಹದ ನೋಡ್ಬೇಕು’ ಅಂದರು. ಬೆಲ್ಲದ ಪಾಕಕ್ಕೆ ಹದ, ಮಳೆ ಬಂದ ಮೇಲೆ ಹೊಲಕ್ಕೆ ಹದ, ಕುಲುಮೆಯಲ್ಲಿ ಕಬ್ಬಿಣಕ್ಕೆ ಹದ. ಬಿಲ್ಲಿಗೂ ಹದ. ನನ್ನ ಅಭಿಪ್ರಾಯ ಕೇಳಿದರೆ ಇದಕ್ಕೆ ಹೊಸ ಪದ ಕಟ್ಟುವ ಅಗತ್ಯವೇ ಇಲ್ಲ. ಬಿಲ್ಲು ಹದಮಾಡುವುದು ಅಂದರೆ ಸಾಕು. ಆದರೆ ಹದ ಅನ್ನುವುದು ಬಹಳ ಕಡೆ ಬರುವ ಪದ, ಇಷ್ಟು ನಿರ್ದಿಷ್ಟವಾದ ಕೆಲಸವನ್ನು ಹೇಳಲು ಸಾಲದು ಎಂದು ನನ್ನ ಗೆಳೆಯರೊಬ್ಬರು ವಾದಿಸುತ್ತಾರೆ. ನೀವು ಏನನ್ನುತ್ತೀರಿ?

ಇನ್ನೊಂದು ಸಂಗತಿ ನೆನಪಾಗುತ್ತಿದೆ. ದಾವಣಗೆರೆ ಒಂದು ಕಾಲಕ್ಕೆ ಹತ್ತಿಯ ಊರು. ನಾನು ಚಿಕ್ಕವನಿದ್ದಾಗ ಗಾದಿ ಹಿಂಜುವವರು ಹೆಗಲ ಮೇಲೆ ದೊಡ್ಡ ಬಿಲ್ಲು ಹೊತ್ತು ಓಣಿಗೆ ಬರುತ್ತಿದ್ದರು. ಕರುಳಿನಿಂದ ಹೊಸೆದ ಅದರ ತಂತಿಗೆ ಮರದ ಕೊಡತಿಯಿಂದ ಹೊಡೆದರೆ ಡುಂಯ್ ಡುಂಯ್ ಅಂತ ಸದ್ದು. ಹತ್ತಿ ಹಾರಾಡುತ್ತಿತ್ತು. ನಾವು ಅದನ್ನು ಬಿಲ್ಲು ಅನ್ನುತ್ತಿದ್ದೆವು, ಆದರೆ ತಂತಿಯನ್ನು ಹೆದೆ ಅಂದದ್ದು ನೆನಪಿಲ್ಲ. ಪಿಟೀಲಿನದಕ್ಕೆ ಕಮಾನು ಅನ್ನುತ್ತೇವೆ. ಪಾರಸಿಯಲ್ಲಿ ಕಮಾನ್ ಅಂದರೇ ಬಿಲ್ಲು. ಹುಡುಗರ ಚಾಟರಬಿಲ್ಲಿನಲ್ಲಂತೂ ಬಾಗುವ ಮರವೇ ಇಲ್ಲ, ರಬ್ಬರು ಹಿಗ್ಗುತ್ತದೆ ಅಷ್ಟೇ. ಆದರೂ ಅದು ಬಿಲ್ಲೇ. ಬಿಲ್ಲು ಎಂಬ ಪದ ಇಷ್ಟು ದೂರ ಓಡಾಡಿದೆ, ಹೆದೆ ಮಾತ್ರ ಬೇಟೆ ಯುದ್ಧಗಳ ಬಿಲ್ಲನ್ನು ಬಿಟ್ಟು ಕದಲಿಲ್ಲ. ಇದು ಬರೀ ನಮ್ಮ ಓಣಿಯ ಅನುಭವವೋ, ಎಲ್ಲ ಕಡೆಯೂ ಹೀಗೆಯೋ? ಹಿಂಜುವ ಕೆಲಸ ಮಾಡುತ್ತಿದ್ದ ಮನೆಯವರು ಯಾರಾದರೂ ಇಲ್ಲಿದ್ದರೆ ಆ ತಂತಿಗೆ ನಿಮ್ಮ ಮನೆಯಲ್ಲಿ ಏನನ್ನುತ್ತಿದ್ದರು, ದಯವಿಟ್ಟು ತಿಳಿಸಿ.

ನಾಟಕದ ಸಾಲನ್ನು ತಿದ್ದಿದ್ದೇನೆ. ಈಗ ಏಕಲವ್ಯ ಬೆಳಿಗ್ಗೆ ಗುಡಿಸಲಿನ ಮುಂದೆ ಕೂತು ಹೆದೆ ಏರಿಸುತ್ತಾನೆ. ಕಾಡಿಗೆ ಹೋಗಿ ಬಾಣ ಹೂಡುತ್ತಾನೆ, ಸೆಳೆಯುತ್ತಾನೆ, ಬಿಡುತ್ತಾನೆ. ಸಂಜೆ ಬಂದು ಹೆದೆ ಇಳಿಸುತ್ತಾನೆ. ಹೆದೆ ಏರಿಸುವಾಗ ಕುಣಿಕೆ ಕೊಪ್ಪಿಗೆ ಕೂತಿತು ಎಂದು ಬರೆಯಬೇಕೆಂದು ಆಸೆ. ಆದರೆ ಪಾತ್ರ ಮಾಡುವ ಹುಡುಗನಿಗೂ ನೋಡಲು ಬರುವ ಅವನ ಅವ್ವನಿಗೂ ಅದು ಕಿವಿಯ ಒಡವೆಯಾಗಿಯೇ ಕೇಳಿಸುತ್ತದೆ. ನಿಮ್ಮ ಊರಿನಲ್ಲಿ, ನಿಮ್ಮ ಹಿರಿಯರ ಬಾಯಲ್ಲಿ, ಬಿಲ್ಲಿನ ತುದಿಗೆ ಕೊಪ್ಪು ಅಂದದ್ದನ್ನು ಕೇಳಿದ್ದೀರಾ? ಒಬ್ಬರು ಹೌದು ಅಂದರೂ ಸಾಕು, ಆ ಪದವನ್ನೇ ಇಡುತ್ತೇನೆ.