ಮೂರರೊಳಗೆ ಫೋನ್ ಬಂದರೆ ದೇವರ ಚಿತ್ತ ಅಂದುಕೊಂಡೆ. ಬಂದಿದ್ದು 3:04ಕ್ಕೆ. ಈಗ ಏನು ಮಾಡಲಿ?

ಲೆಕ್ಕದ ಮೇಜು (ಪ್ರಶ್ನೆ ಕೇಳಿದವರು)

ಕರ್ತನಲ್ಲಿ ಎಲ್ಲರಿಗೂ ವಂದನೆಗಳು. ನಗಬೇಡಿ. ನಕ್ಕರೂ ಪರವಾಗಿಲ್ಲ, ಉತ್ತರ ಮಾತ್ರ ಕೊಡಿ.

11 ವರ್ಷದಿಂದ ಒಂದೇ ಕಚೇರಿಯಲ್ಲಿ ಲೆಕ್ಕ ನೋಡಿಕೊಳ್ಳುತ್ತಿದ್ದೇನೆ. ಈಗ ಇನ್ನೊಂದು ಕಡೆಯಿಂದ ಕರೆ ಬಂದಿದೆ. ಸಂಬಳ ಜಾಸ್ತಿ. ಆದರೆ ತಿಂಗಳ ಕೊನೆಯಲ್ಲಿ ರಾತ್ರಿ ತಡವಾಗುತ್ತದೆ ಅಂತ ಅವರೇ ಹೇಳಿದ್ದಾರೆ. ಮಗನಿಗೆ 8 ವರ್ಷ. ಪಾರ್ಶ್ವವಾಯು ಆದಮೇಲೆ ಅತ್ತೆಯೂ ನಮ್ಮ ಜೊತೆಗೇ ಇದ್ದಾರೆ. ರಾತ್ರಿ 9ಕ್ಕೆ ಮಾತ್ರೆ ಕೊಡೋದು, ಮಗ್ಗುಲು ಬದಲಿಸಿ ಮಲಗಿಸೋದು ನನ್ನ ಪಾಲಿನ ಕೆಲಸ. ಯಜಮಾನರನ್ನು ಕೇಳಿದರೆ "ನಿನಗೆ ಸರಿ ಅನಿಸಿದ್ದು ಮಾಡು" ಅನ್ನುತ್ತಾರೆ. ಕೇಳಿದಷ್ಟೇ ಬಂತು.

ಎರಡು ವಾರ ಪ್ರಾರ್ಥನೆ ಮಾಡಿದೆ. ಏನೂ ತಿಳಿಯಲಿಲ್ಲ. ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಟ್ಟೆ. ಅರಣ್ಯಕಾಂಡದ ಜನಗಣತಿ ಬಂತು. ಇನ್ನೊಂದು ಸಲ ಇಟ್ಟೆ, ಪೂರ್ವಕಾಲವೃತ್ತಾಂತದ ವಂಶಾವಳಿ. ಲೆಕ್ಕದವಳಿಗೆ ಬರೀ ಲೆಕ್ಕವೇ ಬಂತಲ್ಲ, ಇಲ್ಲೇ ಇರು ಅಂತಲೋ ಅಥವಾ ಅಲ್ಲಿಗೆ ಹೋಗಿ ಲೆಕ್ಕ ಬರಿ ಅಂತಲೋ?

ಕೊನೆಗೆ, ಬೈಬಲಿನಲ್ಲಿ ಗಿದ್ಯೋನ ಉಣ್ಣೆ ಹಾಸಿ ದೇವರನ್ನು ಗುರುತು ಕೇಳಿದನಲ್ಲ, ಹಾಗೆ ನಾನೂ ಒಂದು ಗುರುತು ಕೇಳಿದೆ. "ಕರ್ತನೇ, ನಾಳೆ ಮಧ್ಯಾಹ್ನ ಮೂರರೊಳಗೆ ಅವರೇ ಫೋನ್ ಮಾಡಿದರೆ ಹೋಗ್ತೀನಿ." ಮಾರನೇ ದಿನ ಗಡಿಯಾರವನ್ನೇ ನೋಡುತ್ತಾ ಕೂತಿದ್ದೆ. ಮೂರಾಯಿತು. ಫೋನ್ ಕೈಗೆ ತಗೊಂಡರೆ ಚಾರ್ಜ್ ಮುಗಿದು ಆಫ್ ಆಗಿದೆ! ಚಾರ್ಜರ್ ಸಿಕ್ಕಿಸಿ ಆನ್ ಮಾಡುತ್ತಿದ್ದ ಹಾಗೇ ರಿಂಗ್ ಆಯಿತು. 3:04. ಅವರೇ. "ಆಗಿನಿಂದ ಟ್ರೈ ಮಾಡ್ತಾ ಇದ್ದೀವಿ ಮೇಡಂ. ಮುಂದಿನ ವಾರ ಶುಕ್ರವಾರದೊಳಗೆ ಹೇಳಿ" ಅಂದರು.

"ಆಗಿನಿಂದ" ಅಂದರೆ ಎಷ್ಟು ಹೊತ್ತಿನಿಂದ ಅಂತ ಕೇಳೋಕೆ ಬಾಯಿ ತನಕ ಬಂದಿತ್ತು. ಕೇಳಲಿಲ್ಲ.

ಈಚೆಗೆ ಎಲ್ಲದಕ್ಕೂ ಹೀಗೇ ಆಗಿದೆ. ಮೇಲಧಿಕಾರಿಯ ಹತ್ತಿರ ಈಗ ಮಾತಾಡಲೋ ನಾಳೆ ಮಾತಾಡಲೋ ಅನ್ನೋದಕ್ಕೂ ಕಣ್ಣು ಮುಚ್ಚಿ ನಿಲ್ಲುತ್ತೇನೆ. ಭಕ್ತಿ ಅಂತ ಶುರುವಾಗಿದ್ದು ಈಗ ಉಸಿರು ಕಟ್ಟಿಸುತ್ತಿದೆ. ನೀವೆಲ್ಲ ದೇವರ ನಡೆಸುವಿಕೆ ಅಂತ ಹೇಗೆ ಗುರುತಿಸುತ್ತೀರಿ?

ಹಳೇ ಪಾಲುದಾರ

ತಂಗೀ, ನಗಲಿಲ್ಲ. ನನಗೀಗ 68. ನಿನಗಿಂತ ದೊಡ್ಡ ಎಡವಟ್ಟು ಮಾಡಿಕೊಂಡವನು ನಾನು.

1998ರಲ್ಲಿ ಪರಿಚಯದವರೊಬ್ಬರು ವ್ಯಾಪಾರಕ್ಕೆ ಪಾಲುದಾರನಾಗು ಅಂತ ಕರೆದರು. ಪ್ರಾರ್ಥಿಸಿದೆ. ಒಂದೇ ವಾರದಲ್ಲಿ ಸಾಲ ಸಿಕ್ಕಿತು. ಜಾಗ ಸಿಕ್ಕಿತು. ಕಾಗದಪತ್ರ ಎಲ್ಲೂ ನಿಲ್ಲಲಿಲ್ಲ. "ಕರ್ತನು ಬಾಗಿಲು ತೆರೆದಿದ್ದಾನೆ" ಅಂತ ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಬೇರೆ ಹೇಳಿದೆ. ನನ್ನ ಹೆಂಡತಿ ಕೇಳಿದ್ದು ಒಂದೇ ಮಾತು. "ಅವರ ಲೆಕ್ಕದ ಪುಸ್ತಕ ನೋಡಿದ್ರಾ?" ಅಪನಂಬಿಕೆಯ ಮಾತಾಡಬೇಡ ಅಂತ ಗದರಿದೆ. ಎರಡು ವರ್ಷಕ್ಕೆ ಬಾಗಿಲು ಮುಚ್ಚಿತು. ಸಾಲ ತೀರಿಸೋಕೆ ಇನ್ನೂ ಆರು ವರ್ಷ ಹಿಡಿಯಿತು.

ಆಮೇಲೆ ಒಂದು ದಿನ ಯೋನನ ಪುಸ್ತಕ ಓದುವಾಗ ನಗು ಬಂತು. ದೇವರು ನಿನೆವೆಗೆ ಹೋಗು ಅಂದರೆ ಆ ಪ್ರವಾದಿ ತಪ್ಪಿಸಿಕೊಂಡು ಯೊಪ್ಪ ಬಂದರಿಗೆ ಇಳಿದು ಹೋದ. ಅಲ್ಲಿ ತಾರ್ಷೀಷಿಗೆ ಹೊರಟ ಹಡಗು ರೆಡಿ ಇತ್ತು! ಪ್ರಯಾಣದ ದುಡ್ಡೂ ಕೈಯಲ್ಲಿತ್ತು. ಎಲ್ಲ ಸಲೀಸು. ಇನ್ನು ಯೆಹೋಶುವ 9ರಲ್ಲಿ ಹತ್ತಿರದವರೇ ಆದ ಗಿಬ್ಯೋನ್ಯರು ಒಣಗಿದ ರೊಟ್ಟಿ, ಹರಿದ ಕೆರ ತೋರಿಸಿ ದೂರದೇಶದವರು ಅಂತ ಮೋಸ ಮಾಡಿದರಲ್ಲ, ಆಗ ಇಸ್ರಾಯೇಲ್ಯರು ರೊಟ್ಟಿ ನೋಡಿದರು, ದೇವರನ್ನು ಕೇಳಲಿಲ್ಲ. ನಾನು ಉಲ್ಟಾ. ದೇವರನ್ನು ಕೇಳಿದೆ, ರೊಟ್ಟಿ ಮುಟ್ಟಿ ನೋಡಲಿಲ್ಲ.

ಗಿದ್ಯೋನನ ಉಣ್ಣೆಯ ಕಥೆಯನ್ನು ಸ್ವಲ್ಪ ಹಿಂದಿನಿಂದ ಓದು. ನ್ಯಾಯಸ್ಥಾಪಕರು 6:14ರಲ್ಲೇ ದೇವರು ಅವನಿಗೆ ಹೋಗು ಅಂತ ಹೇಳಿಯಾಗಿತ್ತು. ಉಣ್ಣೆ ಹಾಸಿ, ಇಬ್ಬನಿ ಅದರ ಮೇಲೆ ಮಾತ್ರ ಬೀಳಲಿ ಅಂತ ಕೇಳಿದ್ದು ಅದಾದ ಮೇಲೆ. ಎರಡನೇ ಸಲ ಕೇಳುವಾಗ ಅವನೇ "ನನ್ನ ಮೇಲೆ ಕೋಪ ಮಾಡಿಕೊಳ್ಳಬೇಡ" ಅಂತಾನೆ. ಅವನಿಗೂ ಮುಜುಗರ ಇತ್ತು ಅಂತ ಕಾಣುತ್ತೆ. ಯಾಕೋಬ 1:5 ಏನು ಹೇಳುತ್ತೆ? ಜ್ಞಾನ ಕಡಿಮೆ ಇದ್ದರೆ ಕೇಳು, ದೇವರು ಹಂಗಿಸದೆ ಕೊಡುತ್ತಾನೆ ಅಂತ. ಕೇಳಬೇಕಾದ್ದು ಜ್ಞಾನ. ಫೋನ್ ರಿಂಗು ಅಂತ ನಾನೆಲ್ಲೂ ಓದಿಲ್ಲ.

ಬಾವಿಕಟ್ಟೆ

ಅಂಕಲ್, ಗೌರವದಿಂದಲೇ ಒಂದು ಮಾತು. ಗುರುತು ಕೇಳೋದೇ ತಪ್ಪು ಅನ್ನೋ ಹಾಗೆ ಬರೆದಿದ್ದೀರಿ. ಆದಿಕಾಂಡ 24ರಲ್ಲಿ ಅಬ್ರಹಾಮನ ಸೇವಕ ಬಾವಿ ಹತ್ತಿರ ಗುರುತು ಕೇಳಿದ, ಸಿಕ್ಕಿತು. ಸಂತ ಅಗಸ್ಟೀನ್ 386ರಲ್ಲಿ ಅಪೊಸ್ತಲ ಪೌಲನ ಪತ್ರಗಳ ಪುಸ್ತಕ ತೆರೆದ ಕಡೆ ಓದಿದ, ಬದುಕೇ ಬದಲಾಯಿತು. ನನಗೂ ಒಂದು ಸಲ ಸಿಕ್ಕಿದೆ, ಅದನ್ನು ಯಾರೂ ನನ್ನಿಂದ ಕಿತ್ತುಕೊಳ್ಳೋಕೆ ಆಗಲ್ಲ.

ಹಳೇ ಪಾಲುದಾರ

ಕಿತ್ತುಕೊಳ್ಳಲ್ಲ ಮಗಾ, ಇಟ್ಟುಕೋ. ದೇವರು ಕೊಟ್ಟರೆ ಬೇಡ ಅನ್ನೋಕೆ ನಾನ್ಯಾರು?

ಆದರೆ ಆ ಸೇವಕ ಕೇಳಿದ್ದು ಏನು ಅಂತ ನೋಡು. ಅವನ ಹತ್ತಿರ ಹತ್ತು ಒಂಟೆ. ನನಗೆ ನೀರು ಕೊಡು ಅಂದರೆ, ಒಂಟೆಗಳಿಗೂ ಸೇದಿ ಹಾಕ್ತೀನಿ ಅನ್ನೋ ಹುಡುಗಿ ಬರಲಿ ಅಂದ. ಬಾಯಾರಿದ ಹತ್ತು ಒಂಟೆಗೆ ಎಷ್ಟು ಕೊಡ ಬೇಕು, ಯೋಚನೆ ಮಾಡು. ಅಷ್ಟು ಸೇದೋಳು ಎಂಥವಳು ಅಂತ ಅಲ್ಲೇ ಗೊತ್ತಾಗುತ್ತೆ. ಮೂರು ಗಂಟೆಯ ಫೋನಿನಿಂದ ಆ ಕೆಲಸ ಎಂಥದ್ದು ಅಂತ ಏನು ಗೊತ್ತಾಯಿತು? ಅಗಸ್ಟೀನನಿಗೆ ಸಿಕ್ಕಿದ್ದೂ ರೋಮ 13:13. ಕುಡಿತ, ಕಾಮ ಬಿಡು ಅಂತ. ಬಿಡಬೇಕು ಅಂತ ಅವನಿಗೆ ಎಷ್ಟೋ ದಿನದಿಂದ ಗೊತ್ತಿತ್ತು, ಮನಸ್ಸು ಬರುತ್ತಿರಲಿಲ್ಲ ಅಷ್ಟೇ.

ಸಂಜೆ ಜಪ

ನಾನು ಕಥೋಲಿಕಳು. ನಮ್ಮ ಕಡೆಯ ಒಂದು ವಿಷಯ ಹೇಳಬಹುದಾ ಅಕ್ಕ?

1521ರಲ್ಲಿ ಸ್ಪೇನಿನ ಪಾಂಪ್ಲೋನಾ ಕಾಳಗದಲ್ಲಿ, ಮುಂದೆ ಸಂತರಾದ ಇಗ್ನೇಷಿಯಸ್ ಲೊಯೋಲಾ ಅವರ ಕಾಲಿಗೆ ಫಿರಂಗಿ ಗುಂಡು ಬಿತ್ತು. ತಿಂಗಳುಗಟ್ಟಲೆ ಹಾಸಿಗೆಯಲ್ಲೇ. ಹೊತ್ತು ಹೋಗದೆ ಕನಸು ಕಾಣುತ್ತಿದ್ದರು. ಯುದ್ಧ, ಹೆಸರು, ಅರಮನೆಯ ಹೆಂಗಸರು ಅಂತೆಲ್ಲ ಯೋಚಿಸುವಾಗ ಖುಷಿ ಆಗುತ್ತಿತ್ತು, ಆಮೇಲೆ ಮನಸ್ಸು ಬಣಬಣ. ಸಂತರ ಹಾಗೆ ಬದುಕಿದರೆ ಹೇಗೆ ಅಂತ ಯೋಚಿಸಿದಾಗಲೂ ಖುಷಿ, ಆದರೆ ಅದು ಆಮೇಲೂ ಉಳಿಯುತ್ತಿತ್ತು. ಈ ವ್ಯತ್ಯಾಸವನ್ನು ಅವರು ಹಿಡಿದುಕೊಂಡರು. ಮನಸ್ಸು ಬರಡಾಗಿ ಕತ್ತಲಾದಾಗ ಹಿಂದೆ ಮಾಡಿದ ತೀರ್ಮಾನ ಬದಲಿಸಬೇಡಿ ಅಂತಲೂ ಬರೆದಿದ್ದಾರೆ.

ಧ್ಯಾನಕೂಟದಲ್ಲಿ ನಮಗೆ ಕಲಿಸಿದ್ದು ಹೀಗೆ. ಮೂರು ದಿನ "ಒಪ್ಪಿಕೊಂಡಿದ್ದೇನೆ" ಅಂದುಕೊಂಡು ಬದುಕಿ. ಯಾರಿಗೂ ಹೇಳಬೇಡಿ. ಇನ್ನು ಮೂರು ದಿನ "ಬೇಡ ಅಂದಿದ್ದೇನೆ" ಅಂದುಕೊಂಡು ಬದುಕಿ. ರಾತ್ರಿ ಮಲಗುವ ಮುಂಚೆ ದೇವರ ಮುಂದೆ ಎರಡು ಸಾಲು ಬರೆದಿಡಿ. ಪುಕ್ಕಲುತನ ಯಾವುದು, ನೆಮ್ಮದಿ ಯಾವುದು ಅಂತ ಒಂದೇ ದಿನಕ್ಕೆ ಗೊತ್ತಾಗಲ್ಲ. ಅದಕ್ಕೇ ಮೂರು ದಿನ.

ಇನ್ನೊಂದು. ಅಪೊಸ್ತಲರ ಕೃತ್ಯಗಳು 16ರಲ್ಲಿ ತ್ರೋವ ಪಟ್ಟಣದಲ್ಲಿ ದರ್ಶನ ಕಂಡಿದ್ದು ಪೌಲರೊಬ್ಬರೇ. ಮಕೆದೋನ್ಯಕ್ಕೆ ಹೋಗಲು ದೇವರು ಕರೆದಿದ್ದಾರೆ ಅಂತ ನಿಶ್ಚಯಿಸಿದ್ದು "ನಾವು" ಅಂತಿದೆ. ನಿಮ್ಮ ಯಜಮಾನರನ್ನು ಇನ್ನೊಂದು ಸಲ ಕೂರಿಸಿಕೊಂಡು ಕೇಳಿ.

ಲೆಕ್ಕದ ಮೇಜು

ಹತ್ತು ದಿನ ಆಯಿತು. ಏನಾಯಿತು ಅಂತ ಹೇಳದೆ ಇದ್ದರೆ ಸರಿಯಲ್ಲ ಅಂತ ಬರೆಯುತ್ತಿದ್ದೇನೆ.

ಆರು ದಿನ ಬರೆದಿಟ್ಟೆ. "ಬೇಡ ಅಂದಿದ್ದೇನೆ" ಅನ್ನೋ ಮೂರು ದಿನ ಹಾಯಾಗಿರುತ್ತೇನೆ ಅಂದುಕೊಂಡಿದ್ದೆ. ಮೊದಲ ದಿನ ಹಾಗೇ ಇತ್ತು. ಮೂರನೇ ದಿನದ ಸಾಲು: "ಎಲ್ಲರ ಮೇಲೂ ಸಿಟ್ಟು." ಒಪ್ಪಿಕೊಂಡ ದಿನಗಳಲ್ಲಿ ಸಿಟ್ಟಿರಲಿಲ್ಲ. ಚಿಂತೆ ಇತ್ತು, ಅದೂ ಒಂದೇ ವಿಷಯಕ್ಕೆ, ಅತ್ತೆಯ 9 ಗಂಟೆಗೆ. ಇನ್ನೊಂದೂ ಹೊಳೆಯಿತು. ಹೇಳೋಕೆ ನಾಚಿಕೆ. ತಪ್ಪಾದರೆ "ಅವನೇ ಹೇಳಿದ್ದ" ಅಂತ ದೇವರ ಮೇಲೆ ಹಾಕೋಕೆ ನನಗೆ ಆ ಫೋನ್ ಬೇಕಿತ್ತು.

ಅಂಕಲ್, ರೊಟ್ಟಿ ಮುಟ್ಟಿ ನೋಡಿದೆ. ಎಷ್ಟು ರಾತ್ರಿ, ಎಷ್ಟು ಗಂಟೆ ತನಕ ಅಂತ ಅವರನ್ನೇ ಕೇಳಿದೆ. ತಿಂಗಳಿಗೆ ನಾಲ್ಕು ರಾತ್ರಿ, 10ರ ತನಕ. ಇಷ್ಟು ಸಣ್ಣ ಪ್ರಶ್ನೆ ಎರಡು ವಾರ ನನಗೆ ಹೊಳೆದೇ ಇರಲಿಲ್ಲ ನೋಡಿ.

ಆಮೇಲೆ ಯಜಮಾನರನ್ನು ಕೂರಿಸಿಕೊಂಡು ಆ ನಾಲ್ಕು ರಾತ್ರಿ ನೀವು ನೋಡಿಕೊಳ್ತೀರಾ ಅಂದೆ. ತುಂಬಾ ಹೊತ್ತು ಸುಮ್ಮನಿದ್ದರು. "ಅಮ್ಮನ್ನ ಎತ್ತೋಕೆ ನಂಗೆ ಭಯ. ಆ ಕಡೆ ಕೈ ಹಿಡಿದ್ರೆ ನೋವಾಗುತ್ತೇನೋ ಅಂತ" ಅಂದರು. ಇಷ್ಟು ದಿನದ "ನಿನಗೆ ಸರಿ ಅನಿಸಿದ್ದು ಮಾಡು" ಅನ್ನೋದರ ಹಿಂದೆ ಇದಿತ್ತು. ಹೇಗೆ ಹಿಡಿಯಬೇಕು ಅಂತ ತೋರಿಸಿಕೊಟ್ಟೆ. ಭುಜದ ಕೆಳಗೆ ಒಂದು ಕೈ, ಸೊಂಟದ ಹತ್ತಿರ ಒಂದು ಕೈ, ಎಳೆಯಬಾರದು, ಉರುಳಿಸಬೇಕು. ಎರಡು ರಾತ್ರಿ ನಾನು ಪಕ್ಕದಲ್ಲಿ ನಿಂತೆ. ಮೂರನೇ ರಾತ್ರಿ ಬಾಗಿಲ ಹೊರಗೆ.

ಶುಕ್ರವಾರ ಪ್ರಾರ್ಥನೆ ಮಾಡಿ ನಾನೇ ಫೋನ್ ಮಾಡಿದೆ. ಬರ್ತೀನಿ ಅಂದೆ. ಬಾವಿಕಟ್ಟೆಯವರೇ, ಗುರುತೇನೂ ಸಿಗಲಿಲ್ಲ. ಕೈ ಮಾತ್ರ ನಡುಗುತ್ತಿತ್ತು.

ಅತ್ತೆಗೆ ಮಾತು ಅಷ್ಟು ಸ್ಪಷ್ಟವಿಲ್ಲ. ವಿಷಯ ಹೇಳಿದಾಗ ನನ್ನ ಕೈ ಹಿಡಿದುಕೊಂಡು ಒಂದೊಂದೇ ಮಾತಾಗಿ ಹೇಳಿದರು: "ಅವನ ಕೈ ತಣ್ಣಗಿರುತ್ತೆ. ಉಜ್ಜಿ ಬಿಸಿ ಮಾಡ್ಕೊಂಡು ಬರೋಕೆ ಹೇಳು."